ಹಿತ್ತಿಲಲ್ಲಿ ನೆಲ ಇದೆಯೆಂದು ದೃಢೀಕರಿಸುವ ಬಗ್ಗೆ

ಇಂದ,
ಅನ್ಸೆಲ್ಮೋ ಬೋರ್ಬಾ,
ನಿವೃತ್ತ ಕಾಲುವೆ ಗಸ್ತುಗಾರ,
ಗಸ್ಟಿನ್ ಊರಾಚೆ, ಕ್ಯಾಲಿಫೋರ್ನಿಯ.

ಗೆ,
ಮಾನ್ಯ ಕೃಷಿ ಆಯುಕ್ತರು,
ಕೌಂಟಿ ಕಛೇರಿ.

ವಿಷಯ: ನೆಲ ಅಳಿಲುಗಳು ಖಾಸಗಿ ಹಿತ್ತಿಲನ್ನು ಟೊಳ್ಳು ಮಾಡಿದ್ದು, ತತ್ಪರಿಣಾಮವಾಗಿ ಹೆಂಡತಿ ಮನೆ ಬಿಟ್ಟಿರುವ ಕುರಿತು.

ಉಲ್ಲೇಖ: ತಮ್ಮ ಸಿಬ್ಬಂದಿ ಅರ್ಜಿದಾರನಿಗೆ ನೀಡಿದ ಮೌಖಿಕ ಸಲಹೆ, ಹಾಗೂ ಆತ ಅದನ್ನು ಪಾಲಿಸದೇ ಇದ್ದದ್ದು.

ಮಾನ್ಯರೇ,

1. ಸದರಿ ಅರ್ಜಿದಾರನು ಕಾಲುವೆಯ ಏರಿಗಳಲ್ಲಿ ಅಳಿಲು ಕೊರೆದ ಬಿಲಗಳನ್ನು ಹುಡುಕಿ ವರದಿ ಮಾಡುವ ಹುದ್ದೆಯಲ್ಲೇ ತಲೆ ನರೆಸಿಕೊಂಡವನು. ಆದ್ದರಿಂದ ಸ್ವಂತ ಹಿತ್ತಿಲಿನ ವಿಷಯದಲ್ಲಿ ತನಗೆ ಯಾರ ಸಲಹೆಯೂ ಬೇಡವೆಂದು ಆತ ಭಾವಿಸಿದ್ದು ಸಹಜ.

2. ಮೊದಲ ಕ್ರಮವಾಗಿ, ಗೂಬೆ ಬಂದು ನೆಲೆಸಿ ಅಳಿಲು ಹಿಡಿಯಲೆಂದು, ಕಂಬದ ಮೇಲೆ ಗೂಬೆಪೆಟ್ಟಿಗೆ ಏರಿಸಲಾಯಿತು. ಗೂಬೆಯೂ ಬಂದು ಸಂಸಾರ ಹೂಡಿತು. ಗೂಬೆಯದು ರಾತ್ರಿ ಪಾಳಿ, ಅಳಿಲುಗಳದು ಹಗಲು ಪಾಳಿಯಾದ ಕಾರಣ, ಉಭಯ ಪಕ್ಷಗಳು ಇದುವರೆಗೆ ಮುಖಾಮುಖಿಯಾಗಿಲ್ಲ. ಪಕ್ಕದ ಡೈರಿಯ ಜೊವಾಕಿಂ ಬೇಲಿಯಾಚೆಯಿಂದಲೇ, "ಗೂಬೆಗೆ ಓವರ್‌ಟೈಮ್ ಕೊಟ್ಟು ನೋಡಯ್ಯಾ, ಬೆಳಿಗ್ಗೆ ಪಾಳಿಗೂ ನಿಲ್ಲತ್ತೇನೋ!" ಎಂದಿರುತ್ತಾರೆ.

3. ಮಣ್ಣು ಒದ್ದೆಯಿದ್ದಾಗಲೇ ಬಿಲಕ್ಕೆ ಹೊಗೆ ಹಾಕಬೇಕೆಂದು ತಮ್ಮ ಸಿಬ್ಬಂದಿ ಹೇಳಿದ್ದರು. ಅರ್ಜಿದಾರನು ಈ ಸೀಮೆಯಲ್ಲಿ ಹನಿ ಮಳೆಯೂ ಬೀಳದ ಆಗಸ್ಟಿನಲ್ಲಿ ಹಾಕಿದನು. ಹೊಗೆಯು ಒಣನೆಲದ ಬಿರುಕುಗಳಲ್ಲಿ ಹಾದು ಕೋಳಿಗೂಡನ್ನು ಪ್ರವೇಶಿಸಿತು. ಕೋಳಿಗಳು ಹೊರಬಂದವು. ಅಳಿಲುಗಳ ಪೈಕಿ ಹಿರಿಯದೊಂದು ಸೌದೆ ರಾಶಿಯ ಮೇಲೆ ನೆಟ್ಟಗೆ ನಿಂತು, ಎದೆಯ ಮೇಲೆ ಕೈಕಟ್ಟಿ, ಮೇಲ್ವಿಚಾರಣೆ ನಡೆಸಿತು.

4. ಹೀಗಿರುವಲ್ಲಿ, ಅತ್ತೆಯವರಾದ ದೋನಾ ಎರ್ಮೆಲಿಂಡಾ ಬಟ್ಟೆ ಒಣಹಾಕಲು ಹೋಗಿ, ನೆಲ ಕುಸಿದು ಮೊಣಕಾಲುದ್ದ ಹೂತುಹೋದರು. ಓಡಿಬಂದ ಅರ್ಜಿದಾರನನ್ನು ಅವರು ಕೇಳಿದ್ದು: "ಇಷ್ಟು ಅವಸರ ಏನಿತ್ತಪ್ಪಾ ಅಳಿಯಾ? ಸತ್ತ ಮೇಲೆ ಹೂಳಿದ್ರೆ ಆಗ್ತಿರಲಿಲ್ವಾ?"

ಗುಂಡಿಯನ್ನು ಮುಟ್ಟುವ ಮೊದಲು ಅಳತೆ ತೆಗೆಯತಕ್ಕದ್ದು ಎಂಬುದು ಕಾಲುವೆ ನೌಕರಿಯ ನಿಯಮ. ಅಭ್ಯಾಸಬಲದಿಂದ ಅರ್ಜಿದಾರನು ಟೇಪು ತಂದು ಆಳ ಅಳೆದನು. ಅತ್ತೆಯವರನ್ನು ಎತ್ತಿದ್ದು ತದನಂತರ. ಈ ಅನುಕ್ರಮವನ್ನು ಹೆಂಡತಿ ಲೂರ್ದೆಸ್ ಅಡುಗೆಮನೆಯ ಕಿಟಕಿಯಿಂದ ಕಣ್ಣಾರೆ ಕಂಡಿರುತ್ತಾರೆ.

5. ಆ ಕಾರಣ ತಾಯಿ, ಮಗಳಿಬ್ಬರೂ ಲೂರ್ದೆಸ್‌ರ ಅಕ್ಕನ ಮನೆ ಸೇರಿದ್ದಾರೆ. ಫೋನಿನಲ್ಲಿ ನಡೆದ ಮಾತುಕತೆ ಈ ಕೆಳಕಂಡಂತಿದೆ:

"ಈಗ ನೆಲ ಗಟ್ಟಿಯಾಗಿದೆ ಕಣೇ, ಲೂರ್ದೆಸ್."

"ನಿನ್ನ ಮಾತು ನಂಬಿ ಅಮ್ಮನ್ನ ಕರ್ಕೊಂಬರ್ಲಾ? ಆಫೀಸಿನೋರ ಸಹಿ ತಗೊಂಬಾ."

"ಹೊಗೆ ಸರಿಯಾಗಿ ಹಾಕಿದ್ರೆ, ಆ ಅಳಿಲು ಎಲ್ಲಾ..."

"ಯಾರಿಗೆ ಬೇಕು ನಿನ್ನ ಅಳಿಲು? ಊಟ ಮಾಡಿದ್ಯಾ?"

ಮಾಡಿರುವುದಾಗಿ ಅರ್ಜಿದಾರನು ಹೇಳಿಕೆ ನೀಡಿದನು. ಸಾರಿಗೆಂದು ಲೂರ್ದೆಸ್ ಬೆಳೆಸಿದ್ದ ಎಲೆಕೋಸನ್ನು ಅಳಿಲುಗಳು ಮುಗಿಸಿರುವುದರಿಂದಲೂ, ಸಾರು ಮಾಡಲು ಅರ್ಜಿದಾರನಿಗೆ ಬಾರದಿರುವುದರಿಂದಲೂ, ಸದರಿ ಹೇಳಿಕೆಯು ಸುಳ್ಳು.

ಆದ್ದರಿಂದ ತಾವು ದಯವಿಟ್ಟು, ಮಳೆ ಬಿದ್ದು ಮಣ್ಣು ನೆನೆದೊಡನೆ ನಿರೀಕ್ಷಕರೊಬ್ಬರನ್ನು ಕಳುಹಿಸಿ, ಕ್ರಮಬದ್ಧವಾಗಿ ಹೊಗೆ ಹಾಕಿಸಿ, ಹಿತ್ತಿಲಲ್ಲಿ ನೆಲ ಇದೆಯೆಂದು ಸಹಿ ಮಾಡಿಸಿಕೊಡಬೇಕಾಗಿ ವಿನಂತಿ. ಸಹಿ ಮಾಡುವವರು ಖುದ್ದಾಗಿ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ತಂತಿಯವರೆಗೆ ನಡೆಯತಕ್ಕದ್ದು. ಇದು ಅತ್ತೆಯವರ ಷರತ್ತು.

ತಮ್ಮ ವಿಶ್ವಾಸಿ, ಸದ್ಯ ಒಬ್ಬಂಟಿ,
ಅನ್ಸೆಲ್ಮೋ ಬೋರ್ಬಾ

ಲಗತ್ತುಗಳು:
ಗುಂಡಿಯ ನಕ್ಷೆ, ಆಳಸಹಿತ (ಲೂರ್ದೆಸ್‌ರಿಗೆ ತೋರಿಸಕೂಡದು).
ಅತ್ತೆಯವರ ಎಡಗಾಲಿನ ಚಪ್ಪಲಿ. ಬಲಗಾಲಿನದು ಬಿಲದಲ್ಲೇ ಇದ್ದು, ಸಿಕ್ಕಲ್ಲಿ ಗುರುತು ಹಿಡಿಯಲು.

ವಿ.ಸೂ.: ಇಷ್ಟನ್ನೂ ನೆರವೇರಿಸಲು ನಿಯಮಗಳಲ್ಲಿ ಅವಕಾಶವಿಲ್ಲದಿದ್ದಲ್ಲಿ, ಅಳಿಲುಗಳಿಗೆ ಸಂಬಂಧಿಸಿದ ಭಾಗವನ್ನು ತಿರಸ್ಕರಿಸಿ, ಲೂರ್ದೆಸ್ ಹಿಂದಿರುಗುವ ಭಾಗವನ್ನು ಮಾತ್ರ ಮಂಜೂರು ಮಾಡಬೇಕಾಗಿ ಕೋರಿಕೆ.