ಗೋಡೆಯ ಮೇಲಿನ ಕುಂಕುಮ

ನಮ್ಮ ಸೋದರಮಾವನಿಗೆ ಹುಚ್ಚಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹುಚ್ಚಾಗಿದ್ದರೆ ಮದ್ದು ಕೊಡಿಸಬಹುದಿತ್ತಲ್ಲ! ಅವರಿಗಿದ್ದದ್ದು ಬಣ್ಣದ ಚಪಲ. ಮಧುಗಿರಿಯಲ್ಲಿ ಬೋರ್ಡು ಬರೆಯುವುದು ಅವರ ಕಸುಬು. ಬರಿಗೋಡೆ ಕಂಡರೆ ಸಾಕು, ಕೈ ಕಡಿಯಲು ಶುರುವಾಗುತ್ತಿತ್ತು. ಇವರಿಗೆ ಹೆದರಿ ನಮ್ಮತ್ತೆ ಮನೆಗೆ ಸುಣ್ಣ ಬಳಿಸುವುದನ್ನೇ ಬಿಟ್ಟಿದ್ದರು.

ಬರೆದದ್ದೆಲ್ಲ ನಿಜವಾಗಿರಬೇಕೆಂಬುದು ಇನ್ನೊಂದು ಕಾಟ. ಸಿರಾದ ಸಾಹೇಬರೊಬ್ಬರು ತಮ್ಮ ಬಿರಿಯಾನಿ ಹೋಟೆಲಿಗೆ ಒಂದು ಕುರಿ ಬರೆದುಕೊಡಲು ಹೇಳಿದರು. ಮಾವ ಬರೆದರು. ದಷ್ಟಪುಷ್ಟವಾದ ಕುರಿ, ಆದರೆ ಕಣ್ಣಲ್ಲಿ ನೀರು! ಇದೇನು ಅನ್ಯಾಯ ಎಂದು ಆತ ತಲೆ ಚಚ್ಚಿಕೊಂಡರೆ, “ನಿಮ್ ಹೋಟ್ಲ್ ಮುಂದೆ ನಿಂತೈತೆ ಸಾಬ್ರೇ, ನಗ್ತಾ ಇರ್ತದಾ?” ಎಂದರಂತೆ. ಆಮೇಲೆ ಸ್ವಲ್ಪ ದಿನ ಅಲ್ಲಿ ಪರೋಟವೇ ಚೆನ್ನಾಗಿ ಖರ್ಚಾಯಿತಂತೆ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಟಿ.ಸಿ.ಎಚ್. ಮುಗಿಸಿ, ಟೀಚರ್ ಕೆಲಸದ ಆರ್ಡರಿಗೆ ಕಾಯುತ್ತ ಐ.ಡಿ.ಹಳ್ಳಿ ಕಡೆಯ ಮಾವನ ಊರಿನಲ್ಲಿದ್ದೆ. ಸುತ್ತಲಿನ ಹಳ್ಳಿಗಳಿಗೆ ಬಂದ ವಾಂತಿಭೇದಿ ಆ ಊರಿಗೂ ಬಂತು. ಯಾರ ಮನೆ ಬಾಗಿಲು ಕಿರ್ರೆಂದರೂ ಎದೆ ಝಲ್ಲೆನ್ನುತ್ತಿತ್ತು. ಹೊಟ್ಟೆ ಗುಡುಗುಟ್ಟಿದರೆ ಹಸಿವೋ ಸಾವೋ ಎಂದು ತಿಳಿಯದೆ ಒದ್ದಾಡಿಬಿಡುತ್ತಿದ್ದೆ!

ರೋಗಕ್ಕೂ ಬೀದಿ ಗೊತ್ತಿತ್ತು ನೋಡಿ. ನಮ್ಮ ಮೇಗಲಬೀದಿಗೆ ಕಟ್ಟೆ ಕಟ್ಟಿದ ಸೇದುವ ಬಾವಿ. ಕೆಳಗಿನ ಕೇರಿಯವರು ಅದನ್ನು ಮುಟ್ಟುವ ಹಾಗಿರಲಿಲ್ಲ. ಅವರಿಗೆ ಎಮ್ಮೆ ಮೈತೊಳೆಯುವ ಕುಂಟೆಯ ನೀರೇ ಗತಿ. ಹಾಸಿಗೆ ಹಿಡಿದವರೆಲ್ಲ ಹೆಚ್ಚುಕಡಿಮೆ ಆ ಕೇರಿಯವರೇ. ಸರ್ಕಾರ ಊರಿಗೊಂದು ಬೋರಿಂಗು ಕೊಡುತ್ತದೆ, ಬಿ.ಡಿ.ಓ. ಸಾಹೇಬರು ಬಂದು ಜಾಗ ಗುರುತು ಮಾಡುತ್ತಾರೆ ಎಂಬ ಸುದ್ದಿ ಬಂತು. ಗುಡಿ ಮುಂದೆಯೇ ಹಾಕಿಸಬೇಕೆಂದು ಮೇಗಲಬೀದಿಯ ದೊಡ್ಡವರು ತೀರ್ಮಾನ ಮಾಡಿದ್ದೂ ಆಯಿತು. ಗುಡಿ ಮುಂದೆ ಬಿದ್ದರೆ ಕೇರಿಯವರು ಕೊಡ ಹಿಡಿದು ಬರಲು ಬಿಡುತ್ತಾರೆಯೇ? ಅವರ ಪಾಲಿಗೆ ಮತ್ತದೇ ಕುಂಟೆ.

“ಬಾಯಲ್ಲಿ ಹೇಳಿದ್ರೆ ಯಾರ್ ಬಾಯಿ ದೊಡ್ದೋ ಅವ್ರ್ ಮಾತೇ ಗೆಲ್ತದೆ ಕಣಮ್ಮ. ಸಾಹೇಬ್ರ್ ಕಣ್ಣಿಗ್ ಕಾಣಂಗ್ ಮಾಡ್ತೀನಿ,” ಎಂದು ನನಗೆ ಹೇಳಿ ಮಾವ ಡಬ್ಬ ಎತ್ತಿಕೊಂಡು ಸ್ಕೂಲಿನ ಗೋಡೆಗೆ ಹೋದರು. ಇಡೀ ಊರನ್ನೇ ಬರೆದರು. ಬೀದಿ, ಬಾವಿ, ಕುಂಟೆ, ಮನೆಗೊಂದು ಚೌಕ. ಯಾರ ಮನೆಯಲ್ಲಿ ಕಾಯಿಲೆಯೋ ಆ ಚೌಕದಲ್ಲಿ ಪೇಂಟಿನ ಒಂದು ಕೆಂಪು ಬೊಟ್ಟು. ಕುಂಟೆಯ ಸುತ್ತ ಕೇರಿಗೆ ಕೇರಿಯೇ ಕೆಂಪಗಾಯಿತು. ಮೇಗಲಬೀದಿ ಬೆಳ್ಳಗೆ ಉಳಿಯಿತು.

ನಮ್ಮ ಬೀದಿಯ ಹೆಂಗಸರಿಗೆ ಕಂಡದ್ದೇ ಬೇರೆ! ಕೇರಿಯ ಮನೆಗಳಿಗೆಲ್ಲ ಕುಂಕುಮ, ನಮ್ಮ ಮನೆಗಳ ಹಣೆ ಬರಿದು! ಊರಲ್ಲಿ ಸಾವು ಸುತ್ತುತ್ತಿರುವಾಗ ಇಂಥ ಅಪಶಕುನವೇ? ಮಾವ ಊಟಕ್ಕೆ ಹೋದ ಸಮಯ ನೋಡಿ, ನೀರಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ಹೋಗಿ, ತಮ್ಮ ತಮ್ಮ ಚೌಕಕ್ಕೆ ಬೊಟ್ಟು ಇಟ್ಟುಬಿಟ್ಟರು. ಇದಕ್ಕೆಲ್ಲ ಮುಂದಾಳು ಯಾರು ಅಂತೀರಿ? ನಮ್ಮತ್ತೆ! ಗಂಡನಿಗೆ ಮುದ್ದೆ ಇಕ್ಕಿ, ಅವರು ಕೈತೊಳೆಯುವಷ್ಟರಲ್ಲಿ ಹೋಗಿ ಬಂದಿದ್ದರು.

ಮಾವ ಒದ್ದೆ ಬಟ್ಟೆ ಹಿಡಿದು ಓಡಿದರೆ ಹೆಂಗಸರೆಲ್ಲ ಗೋಡೆಗೆ ಅಡ್ಡ ನಿಂತರು. ಮುತ್ತೈದೆಯರು ಇಟ್ಟ ಕುಂಕುಮ ಒರೆಸುವುದುಂಟೆ? ಗಂಡಂದಿರ ಆಯಸ್ಸನ್ನೇ ಒರೆಸಿದ ಹಾಗಲ್ಲವೇ? ಈ ರಂಪದ ನಡುವೆಯೇ ಬಿ.ಡಿ.ಓ. ಜೀಪು ಬಂದು ನಿಂತಿತು.

ಸಾಹೇಬರು ಗೋಡೆ ನೋಡಿದರು. ರೋಗ ಎಲ್ಲ ಬೀದಿಯಲ್ಲೂ ಇದೆಯಲ್ಲ, ಹಾಗಾದರೆ ಊರ ನಡುವೆ ಗುಡಿ ಮುಂದೆಯೇ ಸರಿ ಎಂದರು. ಮಾವನ ಮುಖ ಬಿಳುಚಿಕೊಂಡಿತು. ಮೇಲಿನ ಬೀದಿಯದು ಬರೀ ಕುಂಕುಮ, ಒರೆಸಿದರೆ ಹೋಗುತ್ತದೆ, ಕೇರಿಯದು ಪೇಂಟು ಎಂದು ತೊದಲಿದರು. ಸರಿ, ಒರೆಸಿ ತೋರಿಸಿ ಎಂದರು ಸಾಹೇಬರು. ಹೆಂಗಸರು ಜಗ್ಗಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು. ಆ ಜೀಪು ಹೊರಟರೆ ಕತೆ ಮುಗಿಯಿತು ಎಂದು ನನಗೆ ಅಳುವೇ ಬಂತು.

ದೂರದ ಹುಣಸೆಮರದಡಿ ಕೇರಿಯ ತಾಯಿಯೊಬ್ಬಳು ನಿಂತಿದ್ದಳು. ಹಿಂದಿನ ವಾರ ಗಂಡನನ್ನು ಮಣ್ಣು ಮಾಡಿದ್ದಳು. ಈಗ ಮಗನೂ ಅದೇ ಕಾಯಿಲೆಯಿಂದ ಮಲಗಿದ್ದ.

“ನನ್ ಕುಂಕುಮ ಆ ಕುಂಟೆ ನೀರೇ ಒರೆಸ್ಬುಡ್ತು ಕಣ್ರವ್ವ,” ಎಂದಳು. “ನನ್ ಸೊಸೇದಾದ್ರೂ ಉಳೀಲಿ.”

ನಮ್ಮತ್ತೆ ಮಾವನ ಕೈಯಿಂದ ಬಟ್ಟೆ ಇಸಿದುಕೊಂಡು, ಕಣ್ಣು ಮುಚ್ಚಿ, ತಮ್ಮ ಮನೆಯ ಕುಂಕುಮವನ್ನು ಒರೆಸಿದರು. ಆಮೇಲೆ ಬಟ್ಟೆಯನ್ನು ಪಕ್ಕದ ಮನೆಯಾಕೆಯ ಕಡೆ ಚಾಚಿದರು. ಕೆಲವರು ಒರೆಸಿದರು, ಕೆಲವರು ಗೊಣಗುತ್ತ ಮನೆಗೆ ಹೋದರು. ಸಾಹೇಬರಿಗೆ ಅಷ್ಟು ಸಾಕಾಯಿತು. ಬೋರಿಂಗು ಕೇರಿಗೇ ಎಂದು ಎಲ್ಲರೆದುರು ಹೇಳಿ ಜೀಪು ಹತ್ತಿದರು.

ನಮ್ಮತ್ತೆ ಎಂದೂ ಮಾವನ ಪಕ್ಕದಲ್ಲಿ ನಡೆದವರಲ್ಲ. ಹಿಂದಿನಿಂದ ಬೈದುಕೊಂಡು ಬರುವುದೇ ಪದ್ಧತಿ. ಅವತ್ತು ಮನೆಗೆ ಹೋಗುವಾಗ ಊರೆಲ್ಲ ನೋಡುತ್ತಿದ್ದರೂ ಮಾವನ ಅಂಗಿಯ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

“ನಿಮ್ಗೇನೂ ಆಗಲ್ಲ ಅಲ್ವಾ?” ಎಂದರು.

“ಏನೂ ಆಗಲ್ಲ ಕಣೆ,” ಎಂದರು ಮಾವ.

ನಾಲ್ಕು ಹೆಜ್ಜೆ ಹೋಗಿ ಅತ್ತೆ ಮತ್ತೆ ಅದನ್ನೇ ಕೇಳಿದರು. ಮಾವ ಮತ್ತೆ ಅದನ್ನೇ ಹೇಳಿದರು. ಮನೆ ಬಾಗಿಲು ಬರುವವರೆಗೂ ಅವರು ಕೇಳುತ್ತಲೇ ಇದ್ದರು, ಇವರು ಹೇಳುತ್ತಲೇ ಇದ್ದರು.