ಪುರಿಗೆ ಹೊರಟ ಸೈಕಲ್ಲಿನ ವಿಮಾನ ಬಾಡಿಗೆ ಕುರಿತು

ಗಗನಹಂಸ ವಿಮಾನ ಸಂಸ್ಥೆಯ ಲಗೇಜು ವಿಭಾಗದ ಮುಖ್ಯಸ್ಥರ ಘನ ಸನ್ನಿಧಾನಕ್ಕೆ, ಹರಿಹರದ ಕೊಟ್ಟೂರಪ್ಪನು ಈ ಪತ್ರಿಕೆಯ ಮೂಲಕ ಸಲ್ಲಿಸುವ ಅನಂತ ವಂದನೆಗಳು.

ಮಾನ್ಯರೇ,

ಹರಿಹರ ಹಾಗೂ ದಾವಣಗೆರೆಯ ಸಮಸ್ತ ನಾಗರಿಕರಿಗೆ ಈ ಮೂಲಕ ಹರ್ಷದಿಂದ ಪ್ರಕಟಿಸುವುದೇನೆಂದರೆ, ನನ್ನ ಕರಿಯ ಸೈಕಲ್ಲು ಬೆಲ್ಲು, ಡೈನಮೋ, ಕ್ಯಾರಿಯರ್ ಸಮೇತ ವಿಮಾನ ಏರಲು ಸಿದ್ಧವಾಗಿ ನಿಂತಿದೆ. ತಮ್ಮ ಕೃಪೆಯೊಂದೇ ಬಾಕಿ.

ಚಹಾಪುಡಿ ಕಂಪನಿಯ ಲಕ್ಕಿ ಡ್ರಾದಲ್ಲಿ ನಮ್ಮ ಮನೆಯವರಾದ ಸರ್ವಮಂಗಳಮ್ಮನವರಿಗೆ ಬೆಂಗಳೂರಿನಿಂದ ಭುವನೇಶ್ವರಕ್ಕೆ ತಮ್ಮ ವಿಮಾನದ ಎರಡು ಟಿಕೆಟ್ ಬಂದಿವೆ. ಅಲ್ಲಿಂದ ಪುರಿಗೆ ಹೋಗಿ, ಕೋನಾರ್ಕದವರೆಗೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಸೈಕಲ್ ಮೇಲೆ ಸಾಗಬೇಕೆಂಬುದು ಅವರ ಬಹುಕಾಲದ ಆಸೆ. ತುಳಿಯುವವನು ನಾನು, ಹಿಂದೆ ಕೂರುವವರು ಅವರು. ಈ ತಿಂಗಳು ಕಳೆದರೆ ಟಿಕೆಟ್ ರದ್ದು.

ನನ್ನ ಹಿಂದಿನ ಪತ್ರಕ್ಕೆ ಉತ್ತರವಾಗಿ ತಾವು ತಿಳಿಸಿದಂತೆ ಸೈಕಲ್ಲಿನ ಲಗೇಜು ಬಾಡಿಗೆ ನನ್ನ ಟಿಕೆಟ್ಟಿನ ಬೆಲೆಗಿಂತ ಹೆಚ್ಚು. ನಾನು, ಸೈಕಲ್ಲು, ನಮ್ಮಿಬ್ಬರಲ್ಲಿ ಯಾರು ಹೆಚ್ಚು ಬೆಲೆ ಬಾಳುತ್ತೇವೆಂಬ ಪ್ರಶ್ನೆ ಮನೆಯಲ್ಲಿ ಬಹಳ ದಿನದಿಂದ ಇತ್ಯರ್ಥವಾಗದೆ ಉಳಿದಿತ್ತು, ಬಗೆಹರಿಸಿದಿರಿ, ಕೃತಜ್ಞ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಟೈರಿನ ಗಾಳಿ ಬಿಡಿಸಿ ತರಬೇಕೆಂದೂ ಅಪ್ಪಣೆಯಾಗಿದೆ. ಆಕಾಶದಷ್ಟು ಗಾಳಿಯಲ್ಲಿ ತೇಲುವ ಸಂಸ್ಥೆಯು ಎರಡು ಟ್ಯೂಬಿನ ಗಾಳಿಗೆ ಅಂಜುವ ವಿನಯ ನನಗೆ ಬಹಳ ಹಿಡಿಸಿತು. ಗಾಳಿ ಬಿಡಿಸಿ ಅಕ್ಕಿ ಗಿರಣಿಯಲ್ಲಿ ತೂಗಿಸಿದೆ, ತೂಕವೇನೂ ಇಳಿಯಲಿಲ್ಲ. ತೂಗಿದ ಕುಬೇರಪ್ಪ, ‘ಸೈಕಲ್ ಇಲ್ಲೇ ಇಡ್ರಿ ಅಣ್ಣಾರ, ಬೆಲ್ ಒಂದು ತಗಂಡು ಹೋಗ್ರಿ’ ಎಂದ.

ನಮ್ಮ ಬಸ್ಸಿನ ಕಂಡಕ್ಟರ್ ಹಿದಾಯತ್‌ಗೆ ಇಷ್ಟು ಶಿಸ್ತಿಲ್ಲ. ‘ಮ್ಯಾಲೆ ಹಾಕ್ರಿ, ಹಗ್ಗ ಐತೆ’ ಎಂದು ಲಗೇಜು ಟಿಕೆಟ್ ಹರಿದುಕೊಟ್ಟು, ದಾವಣಗೆರೆಯಲ್ಲಿ ಗಾಳಿ ಸಮೇತ ಇಳಿಸಿಬಿಡುತ್ತಾನೆ.

ಪುರಿಯಲ್ಲೇ ಬಾಡಿಗೆ ಸೈಕಲ್ ಹಿಡಿಯಿರೆಂಬ ತಮ್ಮ ಸಲಹೆಯನ್ನು ಮನೆಯವರಿಗೆ ಓದಿ ಹೇಳಿದೆ. ‘ಕಂಡೋರ ಕ್ಯಾರಿಯರ್ ಮ್ಯಾಲೆ ನಾನ್ಯಾಕ ಕೂಡ್ಲಿ? ಮದುವೆ ಆದ ವರ್ಷ ಇದ್ರ ಮ್ಯಾಲೇ ಬಾತಿ ಗುಡ್ಡ ನೋಡೀನಿ. ಇದು ಬರಂಗಿಲ್ಲ ಅಂದ್ರೆ ನಿಮ್ಮ ವಿಮಾನಾನೂ ಬ್ಯಾಡ’ ಎಂದು ಅವರು ಅಕ್ಕಿ ಆರಿಸಲು ಕೂತರು.

ಆದ್ದರಿಂದ ತಾವು ಸೈಕಲ್ಲನ್ನು ನನ್ನ ಸೀಟಿನಲ್ಲಿ ಕೂಡಿಸಿ, ಬೆಲ್ಟ್ ಬಿಗಿದು, ಪೆಪ್ಪರ್‌ಮೆಂಟ್ ಕೊಟ್ಟು, ನನ್ನನ್ನು ಕೆಳಗೆ ಲಗೇಜಿನಲ್ಲಿ ಹಾಕಬೇಕಾಗಿ ಪ್ರಾರ್ಥನೆ. ನನ್ನ ಕೈಕಾಲು ಮಡಚಲು ಬರುತ್ತದೆ. ಗಾಳಿಯನ್ನಂತೂ ತಾವು ಈಗಾಗಲೇ ತೆಗೆದಿದ್ದೀರಿ.

ತಮ್ಮ ವಿಶ್ವಾಸಿ ಹಾಗೂ ಹೆಚ್ಚುವರಿ ಲಗೇಜು,
ಕೊಟ್ಟೂರಪ್ಪ

ಮರೆತಿದ್ದು: ತಮ್ಮ ಉತ್ತರಕ್ಕೆ ಕಾಯುವಷ್ಟು ಆಯಸ್ಸು ಟಿಕೆಟ್ಟಿಗಿಲ್ಲ. ಓದುಗರಲ್ಲಿ ಯಾರದಾದರೂ ಲಾರಿ ಈ ವಾರ ಒರಿಸ್ಸಾ ಕಡೆ ಹೊರಟಿದ್ದರೆ ದಯಮಾಡಿ ತಿಳಿಸಿ. ಸೈಕಲ್ ಮುಂದೆ ಹೋಗಿರಲಿ, ನಾವು ವಿಮಾನದಲ್ಲಿ ನಿಧಾನವಾಗಿ ಬರುತ್ತೇವೆ. ಕ್ಯಾರಿಯರ್ ಮೇಲೆ ಮಾತ್ರ ಚೀಲ ಹೇರಬೇಡಿ. ಅದು ಸರ್ವಮಂಗಳಮ್ಮನವರ ಸೀಟು.