ಕಪ್ಪು ಚೌಕ ತಂದ ನೆಂಟರು

ಮನುಷ್ಯನ ಅಭಿರುಚಿಗೆ ಒಂದು ಶಿಖರವಿದೆಯೆಂದೂ, ಆ ಶಿಖರವನ್ನು ತಾನು ಈ ಗುರುವಾರ ಬೆಳಗಿನ ತಿಂಡಿಗೆ ಮೊದಲೇ ಏರಿ ಮುಗಿಸುವುದೆಂದೂ ಇಂತಿಸಾರ್ ನಿರ್ಧರಿಸಿದಳು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಹೇಳಿ ಹೋದ ವರ್ಷವಷ್ಟೇ ನಿವೃತ್ತಳಾಗಿದ್ದ ಆಕೆಗೆ ನಿರ್ಧಾರ ಮಾಡುವುದು ಅಭ್ಯಾಸ. ಮಾಡಿದ ನಿರ್ಧಾರವನ್ನು ಯಾರಿಗಾದರೂ ತಿಳಿಸುವುದು ಮಾತ್ರ ಈಚೆಗೆ ತಪ್ಪಿಹೋಗಿತ್ತು. ಅಮ್ಮಾನ್ ನಗರದ ಅಶ್ರಫಿಯ್ಯಾ ಗುಡ್ಡದ ಮೇಲೆ, ಕಟ್ಟಡದ ತುತ್ತತುದಿಯ ಆ ಮನೆಯಲ್ಲಿ ಹೇಳುವವಳೂ ಕೇಳುವವಳೂ ಒಬ್ಬಳೇ.

ಆಕೆಯ ಅಭಿರುಚಿಯ ಇತಿಹಾಸ ಯಾವ ಸಾಮ್ರಾಜ್ಯದ ಇತಿಹಾಸಕ್ಕೂ ಕಡಿಮೆಯದಲ್ಲ. ಬಾಲ್ಯದಲ್ಲಿ, ಕುವೈತಿನಿಂದ ಚಿಕ್ಕಪ್ಪ ತಂದ ಕಂಪ್ಯೂಟರನ್ನು ಟೀವಿಗೆ ಸಿಕ್ಕಿಸಿಕೊಂಡು, ತಮ್ಮ ಬುರ್ಹಾನನ ಜೊತೆ ಒಂದೇ ಪರದೆಯ ಮೇಲೆ ಇಬ್ಬರೂ ಬಾಹ್ಯಾಕಾಶದ ಹಡಗು ಹಾರಿಸುವ ಆಟವನ್ನು ಕಣ್ಣು ಕೆಂಪಾಗುವವರೆಗೆ ಆಡಿದ್ದಳು. ಬುರ್ಹಾನ್ ಮದುವೆಯಾಗಿ ನಗರದ ಆ ತುದಿಗೆ ಹೋದ. ಇಬ್ಬರು ಕೂತು ಆಡುವ ಆಟ ಬಾಲಿಶವೆಂದೂ, ಒಬ್ಬರೇ ಬಿಡಿಸುವ ಒಗಟೇ ಶ್ರೇಷ್ಠವೆಂದೂ ಆಗ ಆಕೆಗೆ ಹೊಳೆಯಿತು. ಮುಂದೆ ಇಂಟರ್ನೆಟ್ ಬಂತು. ಹಿನ್ನೆಲೆಯಲ್ಲಿ ಜಲಪಾತ ಧುಮುಕುವ, ಮೂಲೆಯಲ್ಲಿ ಗುಲಾಬಿ ಕುಣಿಯುವ, ತೆರೆದೊಡನೆ ಕೊಳಲು ನುಡಿಯುವ ಪುಟಗಳನ್ನು ಕಟ್ಟಿದಳು. ಜನ ಸೇರಿ ಹರಟುವ ಒಂದು ಜಾಲವೇದಿಕೆಗೆ ಪ್ರಧಾನ ಮೇಲ್ವಿಚಾರಕಿಯಾಗಿ, ಹೊಸದಾಗಿ ಬಂದವರೊಬ್ಬೊಬ್ಬರಿಗೂ ಹೂಗುಚ್ಛದ ಚಿತ್ರ ಕೊಟ್ಟು ಸ್ವಾಗತಿಸಿದಳು. ಜನ ಬೇರೆ ತಾಣಗಳಿಗೆ ವಲಸೆ ಹೋದರು. ಕೊಳಲೂ ಹೂಗುಚ್ಛವೂ ಅಗ್ಗದ ಅಲಂಕಾರವೆಂಬ ಜ್ಞಾನ ಉದಯವಾಯಿತು. ಆಮೇಲೆ ಪರದೆಯ ಮೇಲೆ ಹೊಲ ಬೆಳೆಸುವ ಆಟ. ಹಳೆಯ ವಿದ್ಯಾರ್ಥಿನಿಯರು ದಿನವೂ ಬಂದು ಆಕೆಯ ಟೊಮೇಟೊ ಗಿಡಗಳಿಗೆ ನೀರು ಹಾಕಿ ಹೋಗುತ್ತಿದ್ದರು. ಒಬ್ಬೊಬ್ಬಳಾಗಿ ಅವರೂ ನಿಂತರು, ಟೊಮೇಟೊ ಬಾಡಿತು, ಬಣ್ಣಬಣ್ಣದ ಆಟಗಳೆಲ್ಲ ಕೀಳೆಂದು ಸಾಬೀತಾಯಿತು.

ಹೀಗೆ ಇಂತಿಸಾರಳ ಅಭಿರುಚಿ ಒಂದೊಂದು ಮೆಟ್ಟಿಲು ಮೇಲೇರಿದ್ದು, ಪ್ರತಿ ಸಲವೂ, ಕೊನೆಯ ಜೊತೆಗಾರರು ಎದ್ದುಹೋದ ವಾರದಲ್ಲೇ. ಅದು ಕೇವಲ ಆಕಸ್ಮಿಕವೆಂದು ಆಕೆ ನಂಬಿದ್ದಳು. ನಂಬದೆ ಇರಲು ಇನ್ನೂ ಹೆಚ್ಚಿನ ಧೈರ್ಯ ಬೇಕಾಗುತ್ತಿತ್ತು.

ಈಗ ಉಳಿದದ್ದು ಶಿಖರ: ಚಿತ್ರವಿಲ್ಲ, ಬಣ್ಣವಿಲ್ಲ, ಸದ್ದಿಲ್ಲ. ತನ್ನ ಪುಟಗಳಿಂದ ಎಲ್ಲವನ್ನೂ ಅಳಿಸಿದಳು. ಫೋನಿನಲ್ಲಿ ತನ್ನ ಹೆಸರಿನ ಪಕ್ಕಕ್ಕಿದ್ದ ಮಲ್ಲಿಗೆಯ ಚಿತ್ರವನ್ನು ಕಿತ್ತು, ಅಲ್ಲಿ ಶುದ್ಧ ಕಪ್ಪು ಚೌಕವೊಂದನ್ನು ಪ್ರತಿಷ್ಠಾಪಿಸಿದಳು. ಫೋನು ಕೂಡ ಒಂದು ಗದ್ದಲವೇ ಎನ್ನಿಸಿ, ಅದನ್ನು ಬಂದ್ ಮಾಡಿ ಅಡುಗೆಮನೆಯ ಡ್ರಾಯರಿಗೆ ತಳ್ಳಿದಳು. ಅನಂತರ, ಕರಿಯ ಪರದೆಯ ಮೇಲೆ ಬಿಳಿಯ ಅಕ್ಷರಗಳಷ್ಟೇ ಮೂಡುವ ಒಂದು ಪುರಾತನ ಆಟವನ್ನು ತೆರೆದು ಕುಳಿತಳು.

‘ನೀನು ಒಂದು ಖಾಲಿ ಕೋಣೆಯಲ್ಲಿದ್ದೀಯೆ. ಬಾಗಿಲು ಪೂರ್ವಕ್ಕಿದೆ,’ ಎಂದಿತು ಆಟ.

ಆ ಊರಿನಲ್ಲಿ ಸೌಂದರ್ಯಕ್ಕಾಗಿ ಯಾರೂ ಚಿತ್ರವನ್ನು ಕಪ್ಪಾಗಿಸುವುದಿಲ್ಲ. ಮನೆಯಲ್ಲಿ ಸಾವಾದರೆ ಕಪ್ಪಾಗಿಸುತ್ತಾರೆ. ಕಂಡವರು ಅರ್ಥ ಮಾಡಿಕೊಂಡು, ಸತ್ತವರಾರೆಂದು ಕೇಳುವ ಅಸಭ್ಯತೆಗೆ ಇಳಿಯದೆ, ನೇರವಾಗಿ ಹೊರಟು ಬರುತ್ತಾರೆ. ಸಾವಿರಾರು ಹುಡುಗಿಯರಿಗೆ ಪರದೆಯ ಲಕ್ಷಾಂತರ ಬಣ್ಣಗಳ ಲೆಕ್ಕ ಕಲಿಸಿದ್ದ ಉಪಾಧ್ಯಾಯಿನಿಗೆ ಈ ಒಂದು ಬಣ್ಣದ ಅರ್ಥ ಶಿಖರಾರೋಹಣದ ಭರದಲ್ಲಿ ಮರೆತುಹೋಗಿತ್ತು.

ಬಾಗಿಲ ಗಂಟೆ ಮೊಳಗಿತು. ಹೊರಗೆ ಕೆಳಮನೆಯ ಉಮ್ಮ್ ಘಾಲಿಬ್, ಅಂದರೆ ಘಾಲಿಬನ ತಾಯಿ. ಆಕೆಯ ಸ್ವಂತ ಹೆಸರನ್ನು ಗಂಡನೂ ಮರೆತಿದ್ದನು. ಒಂದು ಕೈಯಲ್ಲಿ ಉದ್ದ ಕೊಕ್ಕಿನ ಕಾಫಿ ಹೂಜಿ, ಕಣ್ಣಲ್ಲಿ ನೀರು. ಒಳಗೆ ಬಂದವಳೇ ಇಂತಿಸಾರಳನ್ನು ಎದೆಗೆ ಅವುಚಿಕೊಂಡಳು.

“ಹೋದವರ ಉಳಿದ ಆಯುಸ್ಸೆಲ್ಲ ನಿನಗೆ ಬರಲಿ, ಮಗಳೇ,” ಎಂದಳು. ಸಾವಾದಾಗ ಅಲ್ಲಿ ಒಬ್ಬರಿಗೊಬ್ಬರು ಹೇಳುವ ಮಾತು ಅದು.

ಉಮ್ಮ್ ಘಾಲಿಬಳ ಅತ್ತೆ ಬಹುಕಾಲದಿಂದ ಹಾಸಿಗೆ ಹಿಡಿದಿದ್ದರು. ಅವರೇ ಹೋದರೆಂದು ಇಂತಿಸಾರ್ ಕ್ಷಣದಲ್ಲಿ ಗ್ರಹಿಸಿದಳು. ತನ್ನ ಗ್ರಹಣಶಕ್ತಿಯ ಬಗ್ಗೆ ಆಕೆಗೆ ಎಂದೂ ಸಂಶಯವಿರಲಿಲ್ಲ.

“ನಿಮಗೂ ಬರಲಿ, ಅಕ್ಕ. ತುಂಬ ನರಳಿದ ಜೀವ. ಬಿಡುಗಡೆ ಆಯ್ತು ಅಂದ್ಕೊಳ್ಳಿ.”

“ನರಳಿದ್ದಾ? ನೀನು ಒಂದು ದಿನವೂ ಬಾಯಿ ಬಿಡಲಿಲ್ಲವಲ್ಲೇ.”

“ನಾನು ಹೇಗೆ ಬಾಯಿ ಬಿಡಲಿ, ಅಕ್ಕ? ಅದು ನಿಮ್ಮ ಮನೆ ವಿಷಯ.”

“ನಿನ್ನ ಮನೆ ಬೇರೆ, ನಮ್ಮ ಮನೆ ಬೇರೆನಾ?” ಎಂದು ಉಮ್ಮ್ ಘಾಲಿಬ್ ಬಿಕ್ಕಿದಳು. ಇಂತಿಸಾರ್ ಆಕೆಯ ಬೆನ್ನು ಸವರಿದಳು. ಆಕೆಯೂ ಇಂತಿಸಾರಳ ಬೆನ್ನು ಸವರಿದಳು. ಯಾರೂ ಸಾಯದ ಒಂದು ಮನೆಯ ಹೊಸ್ತಿಲಿನಲ್ಲಿ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಅಷ್ಟು ಮನಃಪೂರ್ವಕವಾಗಿ ಸಮಾಧಾನ ಹೇಳಿದ್ದು ಆ ಗುಡ್ಡದ ಮೇಲೆ ಅದೇ ಮೊದಲಿರಬೇಕು.

ಆಮೇಲೆ ಬಾಗಿಲು ಮುಚ್ಚಲಿಲ್ಲ. ಎದುರು ಕಟ್ಟಡದ ಹೆಂಗಸರು ಬಂದರು; ಗಂಡಸರು ವಾಡಿಕೆಯಂತೆ ಕೆಳಗೆ ಬೀದಿಯಲ್ಲೇ ಉಳಿದರು. ಶಾಲೆಯ ಹಳೆಯ ಸಹೋದ್ಯೋಗಿಗಳು ಬಂದರು. ಸತ್ತದ್ದು ಕೆಳಮನೆಯವರಾದರೆ ಇವರೆಲ್ಲ ಮೇಲಕ್ಕೆ ಏಕೆ ಬರುತ್ತಿದ್ದಾರೆಂಬ ಪ್ರಶ್ನೆ ಇಂತಿಸಾರಳ ಗ್ರಹಣಶಕ್ತಿಯನ್ನು ಮೆಲ್ಲಗೆ ಚುಚ್ಚತೊಡಗಿತು. ಆಕೆ ಭೂಗೋಳದ ಉಪಾಧ್ಯಾಯಿನಿ ರಬಾಬಳನ್ನು ಅಡುಗೆಮನೆಗೆ ಎಳೆದೊಯ್ದಳು.

“ರಬಾಬ್, ನೀನು ಯಾರಿಗೋಸ್ಕರ ಬಂದೆ?”

“ಇದೆಂಥ ಪ್ರಶ್ನೆ? ಸ್ಟಾಫ್ ರೂಮಲ್ಲಿ ಕೂತಿದ್ದೆ, ನಿನ್ನ ಚಿತ್ರ ಕಪ್ಪಾಗಿದ್ದು ಕಾಣಿಸ್ತು. ಫೋನ್ ಮಾಡಿದ್ರೆ ಬಂದ್. ಎದೆ ಒಡೆದುಹೋಯ್ತು ಕಣೆ. ಅರ್ಧ ದಿನ ರಜೆ ಹಾಕಿ ಬಂದೆ.”

“ಸತ್ತಿದ್ದು ಯಾರು ಅಂತ ಬಂದೆ?”

“ಥೂ, ಅದನ್ನ ಯಾರಾದ್ರೂ ಕೇಳ್ತಾರಾ? ಉಮ್ಮ್ ಘಾಲಿಬ್ ಹೇಳಿದ್ರು, ಆ ಹುಡುಗಿಗೆ ಅಂತ ಇರೋದೇ ಒಬ್ಬ ತಮ್ಮ, ಇನ್ಯಾರು ಸಾಯ್ತಾರೆ ಅಂತ. ಪಾಪ, ಬುರ್ಹಾನ್. ಐವತ್ತು ಕೂಡ ತುಂಬಿರಲಿಲ್ಲ.”

ಸತ್ಯ ಆಗ ಒಂದೇ ವಾಕ್ಯದಷ್ಟು ದೂರದಲ್ಲಿತ್ತು. ವ್ಯಾಕರಣ ತಪ್ಪದ ಆ ವಾಕ್ಯವನ್ನು ಇಂತಿಸಾರ್ ಮನಸ್ಸಿನಲ್ಲೇ ರಚಿಸಿಯೂ ಆಗಿತ್ತು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ನಡುಮನೆ ಕಾಣಿಸಿತು. ಹೊದಿಕೆ ಮುಚ್ಚಿಟ್ಟೇ ಇರುತ್ತಿದ್ದ ಸೋಫಾದ ಮೇಲೆ ಜಾಗ ಸಾಲದೆ ಇಬ್ಬರು ಒತ್ತರಿಸಿಕೊಂಡು ಕುಳಿತಿದ್ದರು. ಯಾರೋ ಕಿಟಕಿ ತೆರೆದಿದ್ದರು. ಯಾರೋ ಆಕೆಯ ಬಟ್ಟಲುಗಳನ್ನು ತೊಳೆದು, ಎಲ್ಲಿಡಬೇಕೆಂದು ಕೂಗಿ ಕೇಳುತ್ತಿದ್ದರು. ಈ ಸುತ್ತಿನ ಕಾಫಿ ಮುಗಿಯಲಿ, ಹೇಳುತ್ತೇನೆ, ಎಂದುಕೊಂಡಳು.

ಸಕ್ಕರೆ ಹಾಕದ ಆ ಸಾವಿನ ಕಾಫಿ ಮುಗಿಯಿತು. ಖರ್ಜೂರದ ತಟ್ಟೆ ಬಂತು. ಖರ್ಜೂರ ಮುಗಿಯಲಿ ಎಂದುಕೊಂಡಳು. ಖರ್ಜೂರ ಮುಗಿಯುವಷ್ಟರಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಸೊಂಟದಲ್ಲೊಂದು ಕೂಸು, ಆಕೆಯ ಕೈಹಿಡಿದು ಪಕ್ಕದಲ್ಲಿ ಕುಳಿತಳು. “ಮಿಸ್, ನಿಮ್ಮ ಹೊಲಕ್ಕೆ ನೀರು ಹಾಕೋದು ಬಿಟ್ಟುಬಿಟ್ಟೆ. ಆಮೇಲೆ ಯಾವಾಗಲೂ ನೆನಪಾಗ್ತಿತ್ತು,” ಎಂದಳು. ಇಂಥ ಮಾತಿನ ನಡುವೆ ಸತ್ಯವನ್ನು ತರುವುದು ಶಿಷ್ಟಾಚಾರವಲ್ಲ.

“ತಮ್ಮ ಹೇಗಿದ್ದ, ಮಗಳೇ? ಹೇಳಿಕೊಂಡರೆ ಹಗುರ ಆಗುತ್ತೆ,” ಎಂದಳು ಉಮ್ಮ್ ಘಾಲಿಬ್.

ಕೋಣೆಯೆಲ್ಲ ಕಿವಿಯಾಯಿತು. ತರಗತಿ ಬಿಟ್ಟಮೇಲೆ ಅಷ್ಟು ಜನ ಆಕೆಯ ಮಾತಿಗೆ ಕಾದದ್ದಿಲ್ಲ.

“ಆಟದಲ್ಲಿ ಮೋಸ ಮಾಡ್ತಿದ್ದ,” ಎಂದಳು ಇಂತಿಸಾರ್. “ನಾನು ಗೆಲ್ಲೋ ಹೊತ್ತಿಗೆ ವೈರ್ ಕಿತ್ತುಬಿಡ್ತಿದ್ದ. ಕರೆಂಟ್ ಹೋಯ್ತು ಅಂತಿದ್ದ.”

ಅಷ್ಟು ಹೇಳುವಷ್ಟರಲ್ಲಿ, ಆಕೆಗೇ ಆಶ್ಚರ್ಯವಾಗುವಂತೆ, ಬದುಕಿರುವ ತಮ್ಮನಿಗಾಗಿ ಕಣ್ಣಿಂದ ಸಾಚಾ ನೀರು ಇಳಿಯಿತು.

“ಹೋದವರ ಒಳ್ಳೆಯ ಗುಣವನ್ನಷ್ಟೇ ನೆನೆಸಿಕೋಬೇಕು,” ಎಂದು ಯಾರೋ ತಿದ್ದಿದರು.

“ಅದೇ ಅವನ ಒಳ್ಳೆಯ ಗುಣ,” ಎಂದಳು ಇಂತಿಸಾರ್.

ಕೆಳಗಿನ ಗಂಡಸರಿಗೆ ಕಾಫಿ ಸಾಕಾಯಿತೇ ಎಂದು ನೋಡುವ ನೆಪದಲ್ಲಿ ಕಣ್ಣೊರೆಸಿಕೊಳ್ಳುತ್ತ ಆಕೆ ಬಾಲ್ಕನಿಗೆ ಹೋದಳು. ಕಟ್ಟಡದ ಮುಂದೆ ಉಮ್ಮ್ ಘಾಲಿಬಳ ಗಂಡ ಅಬೂ ಘಾಲಿಬ್ ಪ್ಲಾಸ್ಟಿಕ್ ಕುರ್ಚಿಗಳ ಎರಡು ಸಾಲು ಹಾಕಿಸಿದ್ದನು. ಬೀದಿಯ ಗಂಡಸರು ಗಂಭೀರವಾಗಿ ಕುಳಿತಿದ್ದರು. ಅವರ ನಡುವೆ, ಅಬೂ ಘಾಲಿಬನಿಗೂ ರೊಟ್ಟಿಯಂಗಡಿಯವನಿಗೂ ಮಧ್ಯೆ, ಪುಟ್ಟ ಕಾಫಿ ಬಟ್ಟಲು ಹಿಡಿದು, ತಲೆ ತಗ್ಗಿಸಿ, ಸಭ್ಯನಾಗಿ ಕುಳಿತಿದ್ದವನು ಬುರ್ಹಾನ್.

ಅಬೂ ಘಾಲಿಬ್ ಆತನ ಮೊಣಕೈ ಹಿಡಿದು ಏನನ್ನೋ ಹೇಳುತ್ತಿದ್ದನು. ಬುರ್ಹಾನ್ ಮೆಲ್ಲಗೆ ತಲೆಯೆತ್ತಿದನು. ಬಟ್ಟಲನ್ನು ಕುರ್ಚಿಯ ಕೆಳಗೆ ಇಟ್ಟನು. ಬಳಿಕ ಎದ್ದವನು ಮೆಟ್ಟಿಲುಗಳತ್ತ ಓಡಿದನು.

ಹೆಂಗಸರು ಕುಳಿತ ಕೋಣೆಗೆ ಗಂಡಸು ನುಗ್ಗುವುದು ಸಲ್ಲದು; ಆ ಗಂಡಸು ಸತ್ತವನಾಗಿದ್ದರೆ ಸಲ್ಲದಿರುವುದು ಇಮ್ಮಡಿ. ಆತನನ್ನು ಒಮ್ಮೆ ಹಬ್ಬದಲ್ಲಿ ಕಂಡಿದ್ದ ರಬಾಬ್ ಕೈಯಲ್ಲಿದ್ದ ಖರ್ಜೂರವನ್ನು ಮೆಲ್ಲಗೆ ತಟ್ಟೆಗೆ ಹಿಂದಿರುಗಿಸಿದಳು.

“ಅಕ್ಕ,” ಎಂದನು ಬುರ್ಹಾನ್, ಏದುಸಿರು ಬಿಡುತ್ತ. “ನೀನು ಸತ್ತಿದ್ದೀ ಅಂತ ಬಂದೆ.”

“ನೀನು ಸತ್ತಿದ್ದೀ ಅಂತ ಇವರೆಲ್ಲ ಬಂದಿದ್ದಾರೆ.”

“ಈಗ ಗೊತ್ತಾಯ್ತು. ಕೆಳಗೆ ಹೇಳಿದರು.”

“ಯಾರು ಹೋದರು ಅಂತ ಮೊದಲೇ ಕೇಳಬಾರದಿತ್ತಾ?”

“ನಿಮ್ಮಕ್ಕನ ಮನೆ ಮುಂದೆ ಕುರ್ಚಿ ಹಾಕಿದ್ದಾರೆ ಅಂತ ಯಾರೋ ಫೋನ್ ಮಾಡಿದರು. ನಿನಗೆ ಮಾಡಿದರೆ ಬಂದ್. ಬಂದು ಏನಂತ ಕೇಳಲಿ? ನಮ್ಮಕ್ಕ ಇದ್ದಾಳೋ ಇಲ್ಲವೋ ಅಂತ ಬೀದಿಯವರನ್ನ ಕೇಳಲಾ? ಯಾರೋ ಕುರ್ಚಿ ತೋರಿಸಿದರು, ಕೂತೆ. ಮೆಟ್ಟಿಲು ಹತ್ತೋಕೆ ಕಾಲು ಬರಲಿಲ್ಲ.”

“ನಿನ್ನ ಗುರುತು ಯಾರಿಗೂ ಸಿಗಲಿಲ್ಲವಾ?”

ಬುರ್ಹಾನ್ ನೆಲ ನೋಡಿದನು. “ಸಿಗಲಿಲ್ಲ. ಸತ್ತವನು ಒಳ್ಳೆಯವನಂತೆ, ಆದರೆ ನಾವ್ಯಾರೂ ಅವನ ಮುಖ ಕಂಡಿಲ್ಲ, ಅಕ್ಕನ ಮನೆ ಕಡೆ ತಲೆನೇ ಹಾಕ್ತಿರಲಿಲ್ಲ, ದೇವರು ಕ್ಷಮಿಸಲಿ ಅಂತ ಅಬೂ ಘಾಲಿಬ್ ಹೇಳಿದ. ನಾನೂ ಆಮೀನ್ ಅಂದೆ. ಹೆಸರು ಹೇಳಿದ ಮೇಲೆ ಅದು ನಾನೇ ಅಂತ ತಿಳೀತು.”

ಎಲ್ಲರ ಕಣ್ಣುಗಳೂ ಒಟ್ಟಾಗಿ ಇಂತಿಸಾರಳತ್ತ ತಿರುಗಿದವು. ಆಕೆ ಬೆನ್ನು ನೆಟ್ಟಗೆ ಮಾಡಿ, ಕರಿಹಲಗೆಯ ಮುಂದೆ ನಿಂತವಳಂತೆ ನಿಂತಳು.

“ಯಾರೂ ಸತ್ತಿಲ್ಲ,” ಎಂದಳು. “ನನ್ನ ಅಭಿರುಚಿ ಬದಲಾಗಿದೆ.”

“ಅಭಿರುಚಿನಾ?” ಎಂದಳು ರಬಾಬ್. “ನನ್ನ ಅರ್ಧ ದಿನದ ರಜೆ ಕಣೆ ಅದು.”

“ಇನ್ನೇನು ಮಾಡಲಿ ನಾನು? ಹೂವು ಬೇಡ ಅನ್ನಿಸ್ತು. ಕಪ್ಪು ಚೆನ್ನಾಗಿ ಕಾಣುತ್ತೆ.”

ಒಬ್ಬರು ಕೈಚೀಲ ಎತ್ತಿಕೊಂಡರು. ಇನ್ನೊಬ್ಬರು ಕೋಟು ಹುಡುಕಿದರು. ವಿದ್ಯಾರ್ಥಿನಿ ಕೂಸನ್ನು ಸೊಂಟಕ್ಕೇರಿಸಿದಳು. ಸೋಫಾದ ಹೊದಿಕೆಯನ್ನು ಯಾರೋ ಮರ್ಯಾದೆಯಿಂದ ಮತ್ತೆ ಸರಿಮಾಡಿದರು. ಅದನ್ನು ನೋಡಲು ಇಂತಿಸಾರಳಿಗೆ ಆಗಲಿಲ್ಲ. ವೇದಿಕೆ ಖಾಲಿಯಾದಾಗ, ಹೊಲ ಬಾಡಿದಾಗ, ಆಕೆಯ ನೆರವಿಗೆ ಯಾವಾಗಲೂ ಒಂದು ಸಿದ್ಧಾಂತ ಓಡಿಬರುತ್ತಿತ್ತು. ಆಕೆ ಕಾದಳು. ಈ ಸಲ ಯಾವುದೂ ಬರಲಿಲ್ಲ.

“ಕುಳಿತುಕೊಳ್ಳಿ,” ಎಂದಳು, ತರಗತಿಯ ದನಿಯಲ್ಲಿ. ಹಲವರು ಹಳೆಯ ಭಯದಿಂದ ಕುಳಿತೂಬಿಟ್ಟರು. ಆಕೆ ದನಿ ತಗ್ಗಿಸಿದಳು. “ಹೋಗಬೇಡಿ. ಕೂತ್ಕೊಳ್ಳಿ ಸ್ವಲ್ಪ. ಬಾಗಿಲಿಗೆ ಯಾರೂ ಬಂದು ತುಂಬ ದಿನ ಆಗಿತ್ತು.”

ಉಮ್ಮ್ ಘಾಲಿಬ್ ಸೊಂಟಕ್ಕೆ ಕೈಕೊಟ್ಟು ಎದ್ದಳು.

“ಎಲ್ಲಿಗೆ ಹೊರಟಿರಿ ಎಲ್ಲರೂ? ಕೆಳಗೆ ಮೊಸರಿನ ಸಾರಿನಲ್ಲಿ ಕುರಿ ಬೇಯ್ತಿದೆ. ಬೀದಿಗಾಗೋಷ್ಟು ಅಕ್ಕಿ ನೆನೆಹಾಕಿದ್ದೀನಿ. ಯಾರೂ ಸತ್ತಿಲ್ಲ ಅಂತ ಕುರಿ ಎದ್ದು ಓಡುತ್ತಾ? ಕೂರಿ, ಬಡಿಸ್ತೀನಿ.”

ಹಾಗೆ ದೊಡ್ಡ ತಟ್ಟೆಗಳಲ್ಲಿ ಅನ್ನವೂ ಮಾಂಸವೂ ಮೇಲಕ್ಕೆ ಬಂದವು. ತನ್ನ ತಿಥಿಯೂಟದಲ್ಲಿ ಬುರ್ಹಾನನೇ ಎಲ್ಲರಿಗಿಂತ ಹೆಚ್ಚು ಉಂಡನು. ಅಬೂ ಘಾಲಿಬ್ ಕೆಳಗಿಂದ ಆತನಿಗೆಂದೇ ಎಲುಬಿನ ತುಂಡು ಆರಿಸಿ ಕಳಿಸಿದನು. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ರಬಾಬ್ ಕಪ್ಪು ಚೌಕವನ್ನು ತನ್ನ ಫೋನಿನಲ್ಲಿ ಎಲ್ಲರಿಗೂ ತೋರಿಸಿ, ಇದಕ್ಕಿಂತ ಮಲ್ಲಿಗೆಯೇ ವಾಸಿಯಾಗಿತ್ತೆಂದು ತೀರ್ಪು ಕೊಟ್ಟಳು. ಇಂತಿಸಾರ್ ಆಕೆಯ ಮುಂದೆ ಇನ್ನಷ್ಟು ಅನ್ನ ಬಡಿಸಿದಳು.

ಊಟ ಮುಗಿಸಿ ಜನ ಒಬ್ಬೊಬ್ಬರಾಗಿ ಇಳಿದುಹೋದ ಮೇಲೆ, ಬುರ್ಹಾನ್ ಹೊಸ್ತಿಲಲ್ಲಿ ಕುಳಿತು ಒಂದು ಬೂಟು ಹಾಕಿಕೊಂಡನು.

“ಹಬ್ಬಕ್ಕೆ ಬರ್ತೀನಿ, ಅಕ್ಕ,” ಎಂದನು.

“ಆಯ್ತು. ಹುಷಾರಾಗಿ ಹೋಗು,” ಎಂದಳು ಇಂತಿಸಾರ್. ಹಬ್ಬಕ್ಕೆ ಇನ್ನೂ ಬಹಳ ತಿಂಗಳುಗಳಿದ್ದವು.

ಖಾಲಿ ತಟ್ಟೆಗಳನ್ನು ತಲೆಯೆತ್ತರಕ್ಕೆ ಪೇರಿಸಿಕೊಂಡು ಇಳಿಯುತ್ತಿದ್ದ ಉಮ್ಮ್ ಘಾಲಿಬ್ ಅರ್ಧ ಮೆಟ್ಟಿಲಲ್ಲೇ ನಿಂತು ತಿರುಗಿದಳು.

“ಎಲ್ಲಿಗಪ್ಪಾ ಹೊರಟೆ? ಸಾವಿನ ಮನೆಯಲ್ಲಿ ಮೂರು ದಿನ ಕೂರೋದು ಪದ್ಧತಿ. ನಾಳೆಗೂ ನಾಡಿದ್ದಿಗೂ ಕುರ್ಚಿ ಬಾಡಿಗೆಗೆ ತಂದಾಗಿದೆ. ಬಂದವರೇ ನಾಳೆ ಮತ್ತೆ ಬರ್ತೀವಿ ಅಂದು ಹೋಗಿದ್ದಾರೆ. ಸತ್ತವನೇ ಮೊದಲ ದಿನ ಎದ್ದು ಹೋದರೆ ಏನು ಚೆನ್ನ?”

ಬುರ್ಹಾನ್ ಅಕ್ಕನ ಮುಖ ನೋಡಿದನು. ಇಂತಿಸಾರ್ ಏನೂ ಹೇಳಲಿಲ್ಲ. ಏನಾದರೂ ಹೇಳಿದರೆ ಆತ ಇನ್ನೊಂದು ಬೂಟನ್ನೂ ಹಾಕಿಕೊಂಡಾನೆಂದು ಆಕೆಗೆ ಭಯವಾಗಿತ್ತು.